ಅದೇ ಹಳಿ, ಐದು ಹೆಸರು

2009ರ ನವೆಂಬರ್ 13, ಶುಕ್ರವಾರ. ರಾತ್ರಿ 11 ಗಂಟೆ 59 ನಿಮಿಷಕ್ಕೆ ಬ್ರಿಟನ್ನಿನ ಬಹು ಹೆಸರುವಾಸಿ ರೈಲು ಮಾರ್ಗವೊಂದರ ಗುತ್ತಿಗೆ ಕೊನೆಗೊಂಡಿತು. ಮರುದಿನ ಬೆಳಗ್ಗೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣಕ್ಕೆ ಬಂದವರ ಕಣ್ಣಿಗೆ ಬಿದ್ದದ್ದು ಹಿಂದಿನ ದಿನದ ರೈಲುಗಳೇ. ಎಂಜಿನ್ನು ಅದೇ, ಬೋಗಿ ಅದೇ, ಟಿಕೆಟ್ ನೋಡುವ ಸಿಬ್ಬಂದಿಯೂ ಅವರೇ. ಹಳೆಯ ಕಂಪನಿಯಿಂದ ಕೊಂಡಿದ್ದ ಟಿಕೆಟ್ ಹೊಸ ಆಡಳಿತದಲ್ಲೂ ನಡೆಯುತ್ತಿತ್ತು. ನ್ಯಾಷನಲ್ ಎಕ್ಸ್‌ಪ್ರೆಸ್ ಎಂಬ ಖಾಸಗಿ ಕಂಪನಿ ಹೊರಟುಹೋಗಿ, ಆ ಜಾಗಕ್ಕೆ ಸರ್ಕಾರವೇ ಬಂದು ಕೂತಿತ್ತು. ಪ್ರಯಾಣಿಕರನ್ನು ಈ ಬಗ್ಗೆ ಯಾರೂ ಕೇಳಿರಲಿಲ್ಲ. ಎರಡು ವರ್ಷದ ಹಿಂದೆ ಆ ಕಂಪನಿ ಬಂದಾಗಲೂ ಕೇಳಿರಲಿಲ್ಲ.

ಲಂಡನ್ನಿನಿಂದ ಹೊರಟು ಪೀಟರ್‌ಬರೋ, ಡಾಂಕಾಸ್ಟರ್, ಯಾರ್ಕ್, ಡರ್ಹಮ್, ನ್ಯೂಕ್ಯಾಸಲ್‌ಗಳನ್ನು ದಾಟಿ ಸ್ಕಾಟ್ಲೆಂಡಿನ ಎಡಿನ್‌ಬರೋ ಸೇರುವ ಈ ಮಾರ್ಗಕ್ಕೆ ಈಸ್ಟ್ ಕೋಸ್ಟ್ ಮೇನ್ ಲೈನ್ ಎಂದು ಹೆಸರು. ಉದ್ದ ಸುಮಾರು 632 ಕಿಲೋಮೀಟರ್. 1996ರಿಂದ 2018ರವರೆಗಿನ ಇಪ್ಪತ್ತೆರಡು ವರ್ಷಗಳಲ್ಲಿ ಇದರ ಮೇಲೆ ಐದು ಹೆಸರುಗಳು ಬಂದವು. ಮೂರು ಖಾಸಗಿ ಕಂಪನಿಗಳು ಅವಧಿ ಮುಗಿಯುವ ಮೊದಲೇ ಕೈಚೆಲ್ಲಿದವು, ಎರಡು ಸಲ ಸರ್ಕಾರ ವಹಿಸಿಕೊಂಡಿತು. ಈ ಕಥೆಯನ್ನು ಸಾಮಾನ್ಯವಾಗಿ ಮಂತ್ರಿಗಳ, ಉದ್ಯಮಿಗಳ ಕಥೆಯಾಗಿಯೇ ಹೇಳುತ್ತಾರೆ. ಪ್ರಯಾಣಿಕರ ಕಡೆಯಿಂದ ನೋಡಿದರೆ ಅದು ಬೇರೆಯೇ ಆಗಿ ಕಾಣುತ್ತದೆ. ಅವರ ಮಾತು ಸಾಕಷ್ಟು ಸ್ಪಷ್ಟವಾಗಿತ್ತು. ಆದರೆ ಗುತ್ತಿಗೆ ಹಂಚುವ ಮೇಜಿನ ಮೇಲೆ ಅದಕ್ಕೆ ಇದ್ದ ತೂಕ ತೀರಾ ಕಡಿಮೆ.

ಬ್ರಿಟನ್ನಿನ ರೈಲು ರಾಷ್ಟ್ರದ ಆಸ್ತಿಯಾದದ್ದು 1948ರ ಜನವರಿ 1ರಂದು. ಮುಂದಿನ ನಾಲ್ಕೂವರೆ ದಶಕ ಬ್ರಿಟಿಷ್ ರೈಲ್ ಎಂಬ ಒಂದೇ ಸಂಸ್ಥೆ ಹಳಿಯನ್ನೂ ರೈಲನ್ನೂ ನೋಡಿಕೊಂಡಿತು. ಜಾನ್ ಮೇಜರ್ ಸರ್ಕಾರ 1993ರಲ್ಲಿ ತಂದ ರೈಲ್ವೆ ಕಾಯ್ದೆ ಅದನ್ನು ಹೋಳು ಹೋಳು ಮಾಡಿತು. ಹಳಿ, ಸಿಗ್ನಲ್, ಸೇತುವೆಗಳು ರೈಲ್‌ಟ್ರ್ಯಾಕ್ ಎಂಬ ಕಂಪನಿಗೆ ಹೋದವು. ಎಂಜಿನ್ನು, ಬೋಗಿಗಳು ಬಾಡಿಗೆಗೆ ಕೊಡುವ ಮೂರು ಕಂಪನಿಗಳ ಪಾಲಾದವು. ಪ್ರಯಾಣಿಕರ ರೈಲು ಓಡಿಸುವ ಕೆಲಸವನ್ನು ಇಪ್ಪತ್ತೈದು ತುಂಡು ಮಾಡಿ, ಒಂದೊಂದನ್ನೂ ಕೆಲವು ವರ್ಷಗಳ ಅವಧಿಗೆ ಗುತ್ತಿಗೆ ಕೊಡಲಾಯಿತು. ಇದನ್ನೇ ಫ್ರಾಂಚೈಸಿ ಎಂದರು. ನಷ್ಟದ ಮಾರ್ಗವಾದರೆ ಯಾರು ಕಡಿಮೆ ಸಬ್ಸಿಡಿ ಕೇಳುತ್ತಾರೋ ಅವರು, ಲಾಭದ ಮಾರ್ಗವಾದರೆ ಯಾರು ಹೆಚ್ಚು ಹಣ ಕಟ್ಟಲು ಒಪ್ಪುತ್ತಾರೋ ಅವರು ಸ್ಪರ್ಧೆಯಲ್ಲಿ ಮುಂದೆ.

ಗುತ್ತಿಗೆ ಬದಲಾದಾಗ ಏನೇನು ಬದಲಾಗುತ್ತಿತ್ತು ಎಂದು ಗಮನಿಸಿದರೆ ಪ್ರಯಾಣಿಕರ ಸ್ಥಿತಿ ಅರ್ಥವಾಗುತ್ತದೆ. ಹಳಿ ಬೇರೆಯವರದು, ರೈಲು ಬಾಡಿಗೆಯದು. ಕಾನೂನಿನ ಪ್ರಕಾರ ಡ್ರೈವರ್, ಗಾರ್ಡ್, ಟಿಕೆಟ್ ಕೌಂಟರಿನವರೆಲ್ಲ ಹೊಸ ಕಂಪನಿಗೆ ವರ್ಗವಾಗುತ್ತಿದ್ದರು. ಹೊಸ ಮಾಲೀಕನ ಕೈಯಲ್ಲಿ ಉಳಿಯುತ್ತಿದ್ದದ್ದು ಮೇಲಿನ ಆಡಳಿತ, ಟಿಕೆಟ್ ದರದ ಒಂದು ಭಾಗ, ಊಟ ತಿಂಡಿ, ಬಣ್ಣ ಮತ್ತು ಹೆಸರು. ಹಾಗಾಗಿ ಪ್ರತಿ ಬದಲಾವಣೆಯೂ ಪ್ರಯಾಣಿಕರಿಗೆ ಮೊದಲು ಕಂಡದ್ದು ಬಣ್ಣದಲ್ಲಿ, ಆಮೇಲೆ ಜೇಬಿನಲ್ಲಿ.

1996ರ ಏಪ್ರಿಲ್ 28ರಂದು ಈ ಮಾರ್ಗ ಹಿಡಿದದ್ದು ಗ್ರೇಟ್ ನಾರ್ತ್ ಈಸ್ಟರ್ನ್ ರೈಲ್ವೆ. ಎಲ್ಲರೂ ಜಿಎನ್‌ಇಆರ್ ಎನ್ನುತ್ತಿದ್ದರು. ಅದರ ಒಡೆಯ ಸೀ ಕಂಟೇನರ್ಸ್ ಎಂಬ ಹಡಗು ಉದ್ಯಮದ ಕಂಪನಿ. ಅದರ ಮುಖ್ಯಸ್ಥ ಜೇಮ್ಸ್ ಶೆರ್‌ವುಡ್ ವೆನಿಸ್‌ಗೆ ಹೋಗುವ ಓರಿಯೆಂಟ್ ಎಕ್ಸ್‌ಪ್ರೆಸ್ ರೈಲಿಗೆ ಮರುಜೀವ ಕೊಟ್ಟವರು. ರೈಲಿಗೆ ಘನತೆ ಇರಬೇಕು ಎಂಬುದು ಅವರ ನಂಬಿಕೆ. ಬೋಗಿಗಳಿಗೆ ಕಡುನೀಲಿ ಬಣ್ಣ, ಉದ್ದಕ್ಕೂ ಒಂದು ಕೆಂಪು ಪಟ್ಟಿ, ಎಂಜಿನ್ನಿನ ಮೇಲೆ ಇದು ಫ್ಲೈಯಿಂಗ್ ಸ್ಕಾಟ್ಸ್‌ಮನ್ ರೈಲು ಓಡುವ ದಾರಿ ಎಂಬ ಬರಹ. ಊಟದ ಬೋಗಿಯಲ್ಲಿ ಅಡುಗೆಯವರು ಇದ್ದರು. ಬಿಸಿಬಿಸಿ ಊಟ ಪಿಂಗಾಣಿ ತಟ್ಟೆಯಲ್ಲಿ ಬರುತ್ತಿತ್ತು, ಸಾಮಾನ್ಯ ದರ್ಜೆಯವರೂ ದುಡ್ಡು ಕೊಟ್ಟು ಕೂರಬಹುದಿತ್ತು. ಆ ಕಾಲದ ಪ್ರಯಾಣಿಕರು ಇಂದಿಗೂ ಜಿಎನ್‌ಇಆರ್ ಎಂದರೆ ಮೊದಲು ನೆನೆಯುವುದು ಆ ಊಟವನ್ನು, ಸಿಬ್ಬಂದಿಯ ಸೌಜನ್ಯವನ್ನು.

ಅದೇ ಕಂಪನಿಯ ಕಾಲದಲ್ಲಿ ಎರಡು ದೊಡ್ಡ ದುರಂತಗಳು ನಡೆದವು. 2000ದ ಅಕ್ಟೋಬರ್ 17ರಂದು ಲೀಡ್ಸ್‌ಗೆ ಹೊರಟಿದ್ದ ರೈಲು ಹ್ಯಾಟ್‌ಫೀಲ್ಡ್ ಬಳಿ ಹಳಿ ತಪ್ಪಿತು. ನಾಲ್ವರು ಸತ್ತರು, ಎಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಹಳಿಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಬೆಳೆದು, ರೈಲಿನ ಭಾರಕ್ಕೆ ಆ ಹಳಿ ಚೂರುಚೂರಾಗಿತ್ತು. ಬಿರುಕು ಇರುವುದು ಮೊದಲೇ ಗೊತ್ತಿತ್ತು. ಬದಲಿ ಹಳಿಯೂ ಬಂದು ಪಕ್ಕದಲ್ಲೇ ಬಿದ್ದಿತ್ತು, ಜೋಡಿಸಿರಲಿಲ್ಲ. ಅದಾದ ಮೇಲೆ ದೇಶದ ಉದ್ದಗಲಕ್ಕೂ ಸಾವಿರಕ್ಕೂ ಹೆಚ್ಚು ಕಡೆ ವೇಗ ಮಿತಿ ಬಿತ್ತು, ರೈಲುಗಳು ತಿಂಗಳುಗಟ್ಟಲೆ ತೆವಳಿದವು. ನಾಲ್ಕೇ ತಿಂಗಳಲ್ಲಿ, 2001ರ ಫೆಬ್ರವರಿ 28ರಂದು, ಯಾರ್ಕ್‌ಷೈರಿನ ಗ್ರೇಟ್ ಹೆಕ್ ಬಳಿ ರಸ್ತೆಯಿಂದ ಹಳಿಗೆ ಉರುಳಿದ ವಾಹನಕ್ಕೆ ಈ ಮಾರ್ಗದ ಇನ್ನೊಂದು ರೈಲು ಬಡಿಯಿತು. ಆಮೇಲೆ ಎದುರಿನಿಂದ ಬಂದ ಗೂಡ್ಸ್ ರೈಲಿಗೆ ಅಪ್ಪಳಿಸಿತು. ಹತ್ತು ಜನ ಸತ್ತರು.

ಎರಡರಲ್ಲೂ ತಪ್ಪು ಜಿಎನ್‌ಇಆರ್‌ನದ್ದಲ್ಲ. ಆದರೂ ಹ್ಯಾಟ್‌ಫೀಲ್ಡ್ ಪ್ರಯಾಣಿಕರಿಗೆ ಒಂದು ವಿಷಯ ಮನದಟ್ಟು ಮಾಡಿಸಿತು. ರೈಲು ಒಬ್ಬರದು, ಹಳಿ ಇನ್ನೊಬ್ಬರದು, ರಿಪೇರಿ ಮತ್ತೊಬ್ಬ ಗುತ್ತಿಗೆದಾರನದು ಎಂದಾದರೆ ಕೇಳಬೇಕಾದ್ದು ಯಾರನ್ನು? ರೈಲ್‌ಟ್ರ್ಯಾಕ್ 2001ರ ಅಕ್ಟೋಬರ್‌ನಲ್ಲಿ ದಿವಾಳಿಯತ್ತ ಸರಿಯಿತು. ಮರುವರ್ಷ ಹಳಿಗಳ ಹೊಣೆ ಲಾಭದ ಉದ್ದೇಶವಿಲ್ಲದ ನೆಟ್‌ವರ್ಕ್ ರೈಲ್ ಸಂಸ್ಥೆಗೆ ಹೋಯಿತು. ರೈಲು ಓಡಿಸುವ ಹರಾಜು ಮಾತ್ರ ಮೊದಲಿನಂತೆಯೇ ಮುಂದುವರಿಯಿತು.

2005ರ ಹರಾಜನ್ನು ಮತ್ತೆ ಜಿಎನ್‌ಇಆರ್ ಗೆದ್ದಿತು. ಹತ್ತು ವರ್ಷಗಳಲ್ಲಿ ಸರ್ಕಾರಕ್ಕೆ ಕಟ್ಟುತ್ತೇನೆಂದ ಹಣ ಸುಮಾರು 130 ಕೋಟಿ ಪೌಂಡ್. ಪ್ರಯಾಣಿಕರ ಸಂಖ್ಯೆ, ಟಿಕೆಟ್ ಆದಾಯ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋದರೆ ಮಾತ್ರ ಹೊಂದುವ ಲೆಕ್ಕ ಅದು. ಆ ಜುಲೈಯಲ್ಲಿ ಲಂಡನ್ನಿನಲ್ಲಿ ಬಾಂಬ್ ಸ್ಫೋಟಗಳಾಗಿ ಪ್ರಯಾಣ ಕುಗ್ಗಿತು. ಇಂಧನದ ಬೆಲೆ ಏರಿತು. 2006ರ ಅಕ್ಟೋಬರ್‌ನಲ್ಲಿ ಮಾತೃಸಂಸ್ಥೆ ಸೀ ಕಂಟೇನರ್ಸ್ ಅಮೆರಿಕದಲ್ಲಿ ಸಾಲಗಾರರಿಂದ ರಕ್ಷಣೆ ಕೋರಿತು. ಡಿಸೆಂಬರ್‌ನಲ್ಲಿ ಸರ್ಕಾರ ಗುತ್ತಿಗೆ ಹಿಂದಕ್ಕೆ ಪಡೆಯಿತು. ಪ್ರಯಾಣಿಕರು ಮೆಚ್ಚಿಕೊಂಡಿದ್ದ ಕಂಪನಿ ಹೋದದ್ದು ಸೇವೆ ಕೆಟ್ಟು ಅಲ್ಲ, ಕೂಗಿದ ಬೆಲೆ ತಡೆಯಲಾರದೆ.

ಈ ಅನುಭವದ ನಂತರವೂ 2007ರ ಆಗಸ್ಟ್‌ನಲ್ಲಿ ಗೆದ್ದವರು ಇನ್ನೂ ಹೆಚ್ಚು ಕೂಗಿದ ನ್ಯಾಷನಲ್ ಎಕ್ಸ್‌ಪ್ರೆಸ್. ಏಳು ವರ್ಷ ಚಿಲ್ಲರೆಗೆ 140 ಕೋಟಿ ಪೌಂಡ್. ಡಿಸೆಂಬರ್ 9ರಂದು ಅವರು ಬಂದರು. ಕೆಂಪು ಪಟ್ಟಿಯ ಜಾಗದಲ್ಲಿ ಬಿಳಿ ಪಟ್ಟಿ ಬಂತು, ಕೆಳಗಿನ ನೀಲಿ ಬಹಳಷ್ಟು ಬೋಗಿಗಳಲ್ಲಿ ಹಾಗೆಯೇ ಉಳಿಯಿತು. ವೈಫೈ ಎಲ್ಲ ದರ್ಜೆಯವರಿಗೂ ಉಚಿತವಾಯಿತು, ಅದನ್ನು ಪ್ರಯಾಣಿಕರು ಮೆಚ್ಚಿದರು. ಆದರೆ 2008ರ ಆರ್ಥಿಕ ಕುಸಿತ ಬಂದೊಡನೆ ಹಣ ಉಳಿಸುವ ದಾರಿಗಳು ಪ್ರಯಾಣಿಕರ ಮೈಮೇಲೆ ಬಂದವು. ಊಟದ ಬೋಗಿಗಳು ಕಡಿಮೆಯಾದವು. 2009ರ ಮೇ ತಿಂಗಳಿಂದ ಸೀಟು ಕಾಯ್ದಿರಿಸಲು ಒಂದು ಕಡೆಗೆ ಎರಡೂವರೆ ಪೌಂಡ್ ಶುಲ್ಕ ಹಾಕಿದರು.

ಈ ಎರಡೂವರೆ ಪೌಂಡ್ ಕೆರಳಿಸಿದಷ್ಟು ದೊಡ್ಡ ಮೊತ್ತಗಳೂ ಕೆರಳಿಸಿರಲಿಲ್ಲ. ಕಾರಣ ಸರಳ. ಬ್ರಿಟನ್ನಿನ ಟಿಕೆಟ್ ಪ್ರಯಾಣದ ಹಕ್ಕನ್ನು ಕೊಡುತ್ತದೆ, ಸೀಟಿನ ಖಾತ್ರಿ ಕೊಡುವುದಿಲ್ಲ. ನಾಲ್ಕೂವರೆ ತಾಸಿನ ಪ್ರಯಾಣಕ್ಕೆ ಮಕ್ಕಳೊಂದಿಗೆ ಹೊರಟವರು, ವಯಸ್ಸಾದವರು ಸೀಟು ಗೊತ್ತುಮಾಡಿಕೊಳ್ಳದೆ ರೈಲು ಹತ್ತಲಾರರು. ಅಲ್ಲಿಯವರೆಗೆ ಟಿಕೆಟಿನ ಜೊತೆಗೇ ಬರುತ್ತಿದ್ದ ಸೌಕರ್ಯಕ್ಕೆ ಬೇರೆ ಬೆಲೆ ಕಟ್ಟಿದಾಗ, ಇವರು ನಮ್ಮ ಅಸಹಾಯಕತೆಯನ್ನೇ ಮಾರುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿದ್ದು ಸಹಜ. ಎರಡೇ ತಿಂಗಳಲ್ಲಿ, ಆ ಜುಲೈಯಲ್ಲಿ, ಕಂಪನಿ ಇನ್ನು ಹಣ ಹಾಕುವುದಿಲ್ಲ ಎಂದಿತು. ಸಾರಿಗೆ ಸಚಿವ ಆಂಡ್ರೂ ಅಡೋನಿಸ್ ಗುತ್ತಿಗೆಯ ಶರತ್ತು ಸಡಿಲಿಸಲು ಒಪ್ಪಲಿಲ್ಲ. ಮಾರ್ಗ ಸರ್ಕಾರದ ಕೈಗೆ ಬಂತು.

ಇದಕ್ಕೂ ಮೊದಲೇ ದೇಶದ ಬೇರೆ ಕಡೆಗಳಲ್ಲೂ ಪ್ರಯಾಣಿಕರು ಬಾಯಿ ಬಿಟ್ಟಿದ್ದರು. ಇಂಗ್ಲೆಂಡಿನ ಪಶ್ಚಿಮದಲ್ಲಿ 2006ರ ಏಪ್ರಿಲ್‌ನಲ್ಲಿ ಹೊಸ ಗುತ್ತಿಗೆ ಶುರುವಾಗಿ, ಡಿಸೆಂಬರ್‌ನ ವೇಳಾಪಟ್ಟಿಯಲ್ಲಿ ಬ್ರಿಸ್ಟಲ್, ಬಾತ್ ಸುತ್ತಲಿನ ರೈಲುಗಳೂ ಬೋಗಿಗಳೂ ಕಡಿತಗೊಂಡವು. ಕೆಲಸಕ್ಕೆ ಹೋಗುವವರು ಬೋಗಿಗಳಲ್ಲಿ ಕಿಕ್ಕಿರಿದು ನಿಂತರು, ಕೆಲವರು ಪ್ಲಾಟ್‌ಫಾರಂನಲ್ಲೇ ಉಳಿದರು. 2007ರ ಜನವರಿಯಲ್ಲಿ ಅವರು ಟಿಕೆಟ್ ಸತ್ಯಾಗ್ರಹವನ್ನೇ ಹೂಡಿದರು. ತಾವೇ ಅಚ್ಚು ಹಾಕಿಸಿದ ನಕಲಿ ಟಿಕೆಟ್ ತೋರಿಸಿ ರೈಲು ಹತ್ತಿದರು. ದರ್ಜೆ ಎಂದಿದ್ದ ಕಡೆ ದನದ ಗಾಡಿ ಎಂದೂ, ಬಗೆ ಎಂದಿದ್ದ ಕಡೆ ನಿಲ್ಲಲು ಮಾತ್ರ ಎಂದೂ ಅದರಲ್ಲಿ ಅಚ್ಚಾಗಿತ್ತು. ಅಷ್ಟು ಚಿಕ್ಕ ಕಾಗದದಲ್ಲಿ ಅಷ್ಟು ದೊಡ್ಡ ದೂರು ಬರೆದ ಉದಾಹರಣೆ ಅಪರೂಪ. ಗುತ್ತಿಗೆಯ ಕರಾರಿನಲ್ಲಿ ಕಡಿತಕ್ಕೆ ಒಪ್ಪಿಗೆ ಕೊಟ್ಟಿದ್ದು ಸರ್ಕಾರ. ಬೈಸಿಕೊಂಡದ್ದು ಕಂಪನಿ, ನಿಂತು ಹೋದದ್ದು ಪ್ರಯಾಣಿಕ.

2012ರಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಗ್ಲಾಸ್ಗೊಗಳಿಗೆ ಹೋಗುವ ವೆಸ್ಟ್ ಕೋಸ್ಟ್ ಮಾರ್ಗವನ್ನು 1997ರಿಂದ ವರ್ಜಿನ್ ಓಡಿಸುತ್ತಿತ್ತು. ಮೊದಲ ವರ್ಷಗಳಲ್ಲಿ ಅದಕ್ಕೆ ಬಂದ ಬೈಗುಳ ಕಡಿಮೆಯಲ್ಲ. ತಿರುವಿನಲ್ಲಿ ವಾಲುತ್ತ ಓಡುವ ಪೆಂಡೊಲಿನೊ ರೈಲುಗಳು ಬಂದು, 2008ರ ಕೊನೆಯಲ್ಲಿ ಹಳಿಯ ನವೀಕರಣ ಮುಗಿದ ಮೇಲೆ ಜನರ ಮನಸ್ಸು ಬದಲಾಗಿತ್ತು. 2012ರ ಆಗಸ್ಟ್ 15ರಂದು ಸರ್ಕಾರ ಆ ಗುತ್ತಿಗೆಯನ್ನು ಹೆಚ್ಚು ಹಣ ಕೂಗಿದ ಫಸ್ಟ್‌ಗ್ರೂಪ್‌ಗೆ ಕೊಡುವುದಾಗಿ ಹೇಳಿತು. ಅದನ್ನು ಮರುಪರಿಶೀಲಿಸಿ ಎಂಬ ಮನವಿಗೆ ಕೆಲವೇ ವಾರಗಳಲ್ಲಿ 1,70,000ಕ್ಕೂ ಹೆಚ್ಚು ಜನ ಸಹಿ ಹಾಕಿದರು. ರೈಲು ಓಡಿಸುವ ಕಂಪನಿಯೊಂದನ್ನು ಉಳಿಸಿ ಎಂದು ಪ್ರಯಾಣಿಕರು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕೇಳಿದ್ದು ಆ ಅವಧಿಯ ದೊಡ್ಡ ಸುದ್ದಿ.

ಸಹಿಗಳು ಆ ತೀರ್ಮಾನವನ್ನು ಅಲುಗಿಸಲಿಲ್ಲ. ವರ್ಜಿನ್ ಕೋರ್ಟಿಗೆ ಹೋದಾಗ, ಸಾರಿಗೆ ಇಲಾಖೆ ತನ್ನ ಲೆಕ್ಕ ಮತ್ತೊಮ್ಮೆ ನೋಡಿಕೊಂಡಿತು. ಕಂಪನಿಗಳು ಮುಂದೆ ಕೈಕೊಡುವ ಅಪಾಯವನ್ನು ಅಳೆಯುವಲ್ಲೇ ತಪ್ಪಾಗಿತ್ತು. ಅಕ್ಟೋಬರ್ 3ರಂದು ಸಚಿವ ಪ್ಯಾಟ್ರಿಕ್ ಮೆಕ್‌ಲೌಗ್ಲಿನ್ ಇಡೀ ಸ್ಪರ್ಧೆಯನ್ನೇ ರದ್ದು ಮಾಡಿದರು. ಭರವಸೆಯ ಮೊತ್ತ ನಿಲ್ಲುವುದೇ ಎಂಬ ಪ್ರಶ್ನೆ ಈಸ್ಟ್ ಕೋಸ್ಟ್ ಪ್ರಯಾಣಿಕರಿಗೆ ಹೊಸದಾಗಿರಲಿಲ್ಲ. ಎರಡು ಸಲ ಅದರ ಫಲ ಉಂಡವರು ಅವರು.

ಈಸ್ಟ್ ಕೋಸ್ಟ್‌ನಲ್ಲಿ ಅಷ್ಟರಲ್ಲಿ ಸರ್ಕಾರಿ ಆಡಳಿತ ಬೇರೂರಿತ್ತು. ಕಂಪನಿಯ ಹೆಸರೂ ಈಸ್ಟ್ ಕೋಸ್ಟ್ ಎಂದೇ. ತಾತ್ಕಾಲಿಕ ಏರ್ಪಾಡು ಎಂದು ಶುರುವಾದದ್ದು ಐದು ವರ್ಷ ದಾಟಿತು. 2011ರ ಮೇ ತಿಂಗಳಲ್ಲಿ ಹೊಸ ವೇಳಾಪಟ್ಟಿ ಬಂತು. ಬೆಳಗ್ಗೆ 5.40ಕ್ಕೆ ಎಡಿನ್‌ಬರೋ ಬಿಟ್ಟು ನ್ಯೂಕ್ಯಾಸಲ್ ಒಂದರಲ್ಲೇ ನಿಂತು ನಾಲ್ಕು ತಾಸಿಗೆ ಲಂಡನ್ ಮುಟ್ಟುವ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಹೊಸ ಉಮೇದಿನಲ್ಲಿ ಓಡಿತು. ಹಳೆಯ ಊಟದ ಬೋಗಿಗಳು ಆಗ ಪೂರ್ತಿಯಾಗಿ ಹೋದವು, ಅದಕ್ಕೆ ಬೇಸರಪಟ್ಟವರೂ ಇದ್ದರು. ಆದರೆ ವರ್ಷಕ್ಕೆರಡು ಸಲ ನಡೆಯುತ್ತಿದ್ದ ರಾಷ್ಟ್ರೀಯ ಪ್ರಯಾಣಿಕರ ಸಮೀಕ್ಷೆಯಲ್ಲಿ ಈ ಮಾರ್ಗದ ತೃಪ್ತಿಯ ಅಂಕ ಶೇ 90ರ ಆಸುಪಾಸಿಗೆ ಏರಿತು. ಸರ್ಕಾರದ ಬೊಕ್ಕಸಕ್ಕೆ ಆ ಅವಧಿಯಲ್ಲಿ ಬಂದದ್ದು ಸುಮಾರು 100 ಕೋಟಿ ಪೌಂಡ್.

ಹೀಗಿರುವಾಗ ಅದನ್ನು ಮತ್ತೆ ಖಾಸಗಿಗೆ ಕೊಡುವುದೇಕೆ? 2013ರಲ್ಲಿ ಸರ್ಕಾರ ಮರುಹರಾಜು ಘೋಷಿಸಿದಾಗ ಪ್ರಯಾಣಿಕರು, ಕಾರ್ಮಿಕ ಸಂಘಗಳು, ಉತ್ತರದ ಸಂಸದರು ಕೇಳಿದ್ದು ಇದನ್ನೇ. ಆ ವರ್ಷದ ನವೆಂಬರ್‌ನಲ್ಲಿ ಯೂಗವ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಶೇ 66ರಷ್ಟು ಜನ ರೈಲು ಸರ್ಕಾರದ ಒಡೆತನದಲ್ಲಿರಲಿ ಎಂದಿದ್ದರು. ಬ್ರಿಟನ್ನಿನ ಕಾನೂನಿನಲ್ಲಿ ಒಂದು ಮಾರ್ಗವನ್ನು ಮುಚ್ಚಬೇಕಾದರೆ ಪ್ರಯಾಣಿಕರ ಆಕ್ಷೇಪ ಕೇಳುವ ಕ್ರಮ ಬಹುಕಾಲದಿಂದ ಇತ್ತು. ಗುತ್ತಿಗೆ ಬದಲಿಸುವ ಮುನ್ನ ರೈಲು ಎಲ್ಲೆಲ್ಲಿ ನಿಲ್ಲಬೇಕು, ದಿನಕ್ಕೆಷ್ಟು ಓಡಬೇಕು ಎಂದೂ ಅಭಿಪ್ರಾಯ ಕೇಳುತ್ತಿದ್ದರು. ಯಾರು ಓಡಿಸಬೇಕು ಎಂಬ ಪ್ರಶ್ನೆ ಮಾತ್ರ ಆ ಕಾಗದಗಳಲ್ಲಿ ಇರುತ್ತಿರಲಿಲ್ಲ.

2015ರ ಮಾರ್ಚ್ 1ರಂದು ವರ್ಜಿನ್ ಟ್ರೇನ್ಸ್ ಈಸ್ಟ್ ಕೋಸ್ಟ್ ಬಂತು. ಹೆಸರು ವರ್ಜಿನ್‌ನದ್ದಾದರೂ ಶೇ 90 ಪಾಲು ಸ್ಟೇಜ್‌ಕೋಚ್ ಎಂಬ ಇನ್ನೊಂದು ಕಂಪನಿಯದು. ಎಂಟು ವರ್ಷಕ್ಕೆ ಕಟ್ಟುವುದಾಗಿ ಹೇಳಿದ್ದು 330 ಕೋಟಿ ಪೌಂಡ್, ಅಂದರೆ ಹಿಂದಿನ ಎರಡು ಮುರಿದ ಗುತ್ತಿಗೆಗಳ ಮೊತ್ತ ಕೂಡಿಸಿದರೂ ಅದಕ್ಕಿಂತ ಹೆಚ್ಚು. ಎಂಜಿನ್ನುಗಳು ಕೆಂಪಾದವು. ಸೇವೆ ಕೆಡಲಿಲ್ಲ, ಸಮೀಕ್ಷೆಯ ಅಂಕವೂ ಬೀಳಲಿಲ್ಲ. ಆದರೆ ಆದಾಯ ಕಾಗದದ ಮೇಲಿನ ಅಂದಾಜಿನಂತೆ ಬೆಳೆಯಲಿಲ್ಲ. 2017ರ ನವೆಂಬರ್‌ನಲ್ಲಿ ಸಚಿವ ಕ್ರಿಸ್ ಗ್ರೇಲಿಂಗ್ ಗುತ್ತಿಗೆಯನ್ನು ಮೂರು ವರ್ಷ ಮೊದಲೇ ಮುಗಿಸುವ ಸೂಚನೆ ಕೊಟ್ಟರು. ಕಂಪನಿಗೆ ಇದು ಸರ್ಕಾರದ ಕೊಡುಗೆ ಎಂದು ಖಂಡಿಸಿ, 2009ರಲ್ಲಿ ಸಚಿವರಾಗಿದ್ದ ಅಡೋನಿಸ್ ಆ ಡಿಸೆಂಬರ್‌ನಲ್ಲಿ ತಮ್ಮ ಸರ್ಕಾರಿ ಹುದ್ದೆಗೆ ರಾಜೀನಾಮೆ ಕೊಟ್ಟರು. ಅವರು ಹೇಳಿದ ಕಾರಣಗಳಲ್ಲಿ ಅದೂ ಒಂದು. ಅಷ್ಟು ದಿನವೂ ಗುತ್ತಿಗೆ ಬಾಳಲಿಲ್ಲ. 2018ರ ಜೂನ್ 24ರಂದು ಸರ್ಕಾರ ಮತ್ತೆ ವಹಿಸಿಕೊಂಡು ಎಲ್‌ಎನ್‌ಇಆರ್ ಎಂಬ ಹಳೆಯ ಹೆಸರನ್ನು ಹೊರತೆಗೆಯಿತು.

ಆ ಹೆಸರಿಗೆ ಜನರ ಮನಸ್ಸಿನಲ್ಲಿ ಗೌರವವಿತ್ತು. 1923ರಿಂದ 1947ರವರೆಗೆ ಇದ್ದ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆಯ ಮಲ್ಲಾರ್ಡ್ ಎಂಜಿನ್ 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ, ಉಗಿಬಂಡಿಗಳ ಲೋಕದಲ್ಲಿ ಇಂದಿಗೂ ಅಳಿಯದ ದಾಖಲೆ ಬರೆದಿತ್ತು. ಆದರೆ ಹೆಸರಿನಿಂದ ರೈಲು ಸಮಯಕ್ಕೆ ಬರುವುದಿಲ್ಲ ಎಂಬುದನ್ನು ಐದನೆಯ ಬಾರಿ ಹೊಸ ಹೆಸರು ಓದುತ್ತಿದ್ದ ಪ್ರಯಾಣಿಕರಿಗೆ ಹೇಳಿಕೊಡಬೇಕಾಗಿರಲಿಲ್ಲ.

2020ರ ಮಾರ್ಚ್‌ನಲ್ಲಿ ಕೋವಿಡ್ ರೈಲುಗಳನ್ನು ಖಾಲಿ ಮಾಡಿತು. ಟಿಕೆಟ್ ಆದಾಯವನ್ನೇ ನಂಬಿದ್ದ ಗುತ್ತಿಗೆಗಳು ನಿಲ್ಲುವಂತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಸರ್ಕಾರ ಫ್ರಾಂಚೈಸಿ ಪದ್ಧತಿ ಮುಗಿಯಿತು ಎಂದು ಘೋಷಿಸಿತು. 2024ರ ನವೆಂಬರ್‌ನಲ್ಲಿ ಬಂದ ಹೊಸ ಕಾಯ್ದೆಯ ಪ್ರಕಾರ ಗುತ್ತಿಗೆ ಮುಗಿದ ಮಾರ್ಗಗಳು ಒಂದೊಂದಾಗಿ ಸರ್ಕಾರಕ್ಕೆ ಮರಳುತ್ತಿವೆ. ಅದರಡಿ ಮೊದಲು ಮರಳಿದ್ದು 2025ರ ಮೇ 25ರಂದು ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಓಡುವ ಸೌತ್ ವೆಸ್ಟರ್ನ್ ರೈಲುಗಳು. 1996ರ ಫೆಬ್ರವರಿ 4ರಂದು ಮೊಟ್ಟಮೊದಲು ಖಾಸಗಿಯ ಕೈಗೆ ಹೋದ ಮಾರ್ಗಗಳಲ್ಲಿ ಅದೂ ಒಂದು.

ಒಡೆತನ ಮರಳಿದ ಮಾತ್ರಕ್ಕೆ ದೂರು ಮುಗಿಯುವುದಿಲ್ಲ ಎಂಬುದಕ್ಕೂ ಈಸ್ಟ್ ಕೋಸ್ಟೇ ಸಾಕ್ಷಿ. 2024ರ ಫೆಬ್ರವರಿಯಲ್ಲಿ ಸರ್ಕಾರಿ ಎಲ್‌ಎನ್‌ಇಆರ್ ಲಂಡನ್‌ನಿಂದ ನ್ಯೂಕ್ಯಾಸಲ್, ಎಡಿನ್‌ಬರೋಗಳಿಗೆ ಟಿಕೆಟ್ ಪದ್ಧತಿಯನ್ನು ಸರಳ ಮಾಡುವ ಪ್ರಯೋಗ ಶುರುಮಾಡಿತು. ದಟ್ಟಣೆ ಇಲ್ಲದ ಹೊತ್ತಿನಲ್ಲಿ ಯಾವ ರೈಲಿಗಾದರೂ ಹತ್ತಬಹುದಾಗಿದ್ದ ಅಗ್ಗದ ಟಿಕೆಟ್ ಹೋಯಿತು. ಅದರ ಬದಲು, ಗೊತ್ತುಮಾಡಿದ ರೈಲಿಗಿಂತ 70 ನಿಮಿಷ ಹಿಂದೆ ಮುಂದೆ ಮಾತ್ರ ಹೋಗಲು ಬಿಡುವ ಟಿಕೆಟ್ ಬಂತು. ಮೊದಲೇ ಗೊತ್ತಿಲ್ಲದೆ ಹೊರಡಬೇಕಾದವರಿಗೆ, ಆಸ್ಪತ್ರೆಗೆ, ಸಾವಿನ ಮನೆಗೆ ಓಡಬೇಕಾದವರಿಗೆ ಪ್ರಯಾಣ ದುಬಾರಿಯಾಯಿತು ಎಂದು ಪ್ರಯಾಣಿಕರು ಆಕ್ಷೇಪ ಎತ್ತಿದರು. ಸೀಟಿಗೆ ಎರಡೂವರೆ ಪೌಂಡ್ ಕೇಳಿದ ಖಾಸಗಿ ಕಂಪನಿಗೆ ಅವರು ಹೇಳಿದ್ದನ್ನೇ ಸರ್ಕಾರಿ ಕಂಪನಿಗೂ ಹೇಳಿದರು.

ಇಷ್ಟೂ ವರ್ಷಗಳ ಅವರ ಮಾತನ್ನು ಒಟ್ಟಿಗಿಟ್ಟು ನೋಡಿದರೆ ಅದರಲ್ಲಿ ಗೊಂದಲವಿಲ್ಲ. ಜಿಎನ್‌ಇಆರ್ ಎಂಬ ಖಾಸಗಿ ಕಂಪನಿಯನ್ನು ಮೆಚ್ಚಿದರು, ಸರ್ಕಾರಿ ಈಸ್ಟ್ ಕೋಸ್ಟನ್ನೂ ಮೆಚ್ಚಿದರು. ವರ್ಜಿನ್ ಉಳಿಯಲಿ ಎಂದು ಸಹಿ ಹಾಕಿದರು, ರೈಲು ದೇಶದ ಆಸ್ತಿಯಾಗಲಿ ಎಂದೂ ಹೇಳಿದರು. ಪ್ರಯಾಣಿಕರ ಸಮಿತಿಗಳು ಕೇಳಿದಾಗಲೆಲ್ಲ ಬಂದ ಉತ್ತರ ಹೆಚ್ಚು ಕಡಿಮೆ ಒಂದೇ: ಕೊಟ್ಟ ದುಡ್ಡಿಗೆ ತಕ್ಕ ಸೇವೆ, ಕೂರಲು ಜಾಗ, ಸಮಯಕ್ಕೆ ಸರಿಯಾದ ರೈಲು. ಹರಾಜಿನಲ್ಲಿ ಮುಖ್ಯವಾಗಿ ತೂಗಿದ್ದು ಬೊಕ್ಕಸಕ್ಕೆ ಬರುವ ಹಣ. ಆ ಹಣ ಮೂರು ಸಲವೂ ಹೇಳಿದಷ್ಟು ಬರಲಿಲ್ಲ. ಪ್ರಯಾಣಿಕರ ಅಳತೆ ಹಣದ ಅಂದಾಜಿಗಿಂತ ಗಟ್ಟಿಯಾಗಿತ್ತು, ಏಕೆಂದರೆ ಅವರು ಅಳೆಯುತ್ತಿದ್ದದ್ದು ಆಗಲೇ ಓಡುತ್ತಿದ್ದ ರೈಲನ್ನು, ಹತ್ತು ವರ್ಷದ ಮುಂದಿನ ಲಾಭವನ್ನಲ್ಲ.

ಈಗ ಬ್ರಿಟನ್ ತನ್ನ ರೈಲನ್ನು ಮತ್ತೆ ಒಂದೇ ಸಂಸ್ಥೆಯಡಿ ತರಲು ಹೊರಟಿದೆ. ಹರಾಜು ಇನ್ನಿಲ್ಲ, ಆದರೆ ತೀರ್ಮಾನಗಳು ಇದ್ದೇ ಇರುತ್ತವೆ: ಯಾವ ರೈಲು ಕಡಿತ, ಯಾವ ಟಿಕೆಟ್ ದುಬಾರಿ, ಯಾವ ಊರಿಗೆ ನಿಲುಗಡೆ. ಮೂವತ್ತು ವರ್ಷ ಒಂದೇ ಮಾತನ್ನು ತಾಳ್ಮೆಯಿಂದ ಹೇಳುತ್ತ ಬಂದ ಪ್ರಯಾಣಿಕರಿಗೆ ಆ ತೀರ್ಮಾನದ ಮೇಜಿನಲ್ಲಿ ಒಂದು ಕುರ್ಚಿ, ಅವರ ಮಾತಿಗೆ ಕಾನೂನಿನ ಬಲ ಸಿಗಬೇಕು. ಅದು ಸಿಗದಿದ್ದರೆ ಒಡೆಯ ಯಾರಾದರೂ ಅವರ ಪಾಲಿಗೆ ಬದಲಾಗುವುದು ಬೋಗಿಯ ಬಣ್ಣವಷ್ಟೇ.